ಹಿಸ್ಟಮಿನ್ ತೊಂದ್ರೆ ನಿಮಗಿದೆಯಾ ಇಲ್ವಾ, ಸರಿಯಾಗಿ ಪತ್ತೆ ಮಾಡೋದು ಹೆಂಗೆ, ಆಮೇಲೆ ಉಣ್ಣೋದು ಹೆಂಗೆ

ಊಟ ಆಗಿ ಅರ್ಧ ಮುಕ್ಕಾಲು ಗಂಟೆಗೆ ಮುಖ ಕೆಂಪಗಾಗಿ ಕಿವಿ ಬಿಸಿಯಾಗೋದು, ಮೂಗು ಸೋರೋದು, ತಲೆ ಸಿಡಿಯೋದು, ಎದೆ ಡವಡವ ಅನ್ನೋದು, ಹೊಟ್ಟೆ ಉಬ್ಬರಿಸಿ ಬಾತ್‌ರೂಮಿಗೆ ಓಡೋದು, ಒಂದೊಂದ್ ಸಲ ಮೈಮೇಲೆ ಗಂಧೆ ಏಳೋದು. ನಾಲ್ಕು ವರ್ಷ ನನಗೆ ಇದೇ ಆಗಿತ್ತು. ನನ್ನ ತವರು ಚಳ್ಳಕೆರೆ ಕಡೆ, ಅವ್ವ ಫೋನಲ್ಲಿ "ಪಿತ್ತ ಜಾಸ್ತಿ ಆಗೈತೆ ಕಣವ್ವಾ, ಶುಂಠಿ ಕಷಾಯ ಕುಡಿ" ಅಂತಿದ್ಲು, ಇಲ್ಲಿ ದಾವಣಗೆರೆಲಿ ಒಬ್ರು ಡಾಕ್ಟ್ರು ಗ್ಯಾಸ್ ಅಂದ್ರು, ಇನ್ನೊಬ್ರು ಟೆನ್ಷನ್ ಅಂದ್ರು. ಅವರನ್ನೂ ಪೂರ್ತಿ ತಪ್ಪು ಅನ್ನೋಕಾಗಲ್ಲ, ಯಾಕಂದ್ರೆ ನಾನು ಹೋದ ದಿನ ಮೈಮೇಲೆ ಒಂದು ಗಂಧೆನೂ ಇರ್ತಿರ್ಲಿಲ್ಲ, ತೋರಿಸೋಕೆ ಏನೂ ಇರ್ತಿರ್ಲಿಲ್ಲ.

ಆಮೇಲೆ ನಾನೇ ಮೊಬೈಲಲ್ಲಿ ಹುಡುಕಿ ಹಿಸ್ಟಮಿನ್ ಇನ್‌ಟಾಲರೆನ್ಸ್ ಅಂತ ಓದಿ, ಸಿಕ್ಕ ಪಟ್ಟಿ ನೋಡ್ಕೊಂಡು ಒಂದೇ ದಿನ ಮೂವತ್ತು ನಲವತ್ತು ಪದಾರ್ಥ ಬಿಟ್ಟೆ. ಮೂರು ತಿಂಗಳಲ್ಲಿ ಆರು ಕೆಜಿ ಇಳಿದೆ, ಕೂದಲು ಹಿಡಿ ಹಿಡಿ ಉದುರ್ತು, ತೊಂದ್ರೆ ಮಾತ್ರ ಪೂರ್ತಿ ಹೋಗ್ಲಿಲ್ಲ. ಇದನ್ನ ಬರೀತಿರೋದು ಅದಕ್ಕೇ. ಬಿಡೋದಕ್ಕಿಂತ ಮುಂಚೆ ಪತ್ತೆ ಮಾಡ್ಬೇಕು, ಪತ್ತೆ ಮಾಡೋದಕ್ಕೆ ಒಂದು ಕ್ರಮ ಇದೆ, ಕ್ರಮ ತಪ್ಪಿದ್ರೆ ಟೆಸ್ಟ್‌ಗಳೂ ಕೆಡ್ತವೆ ಮೈಯೂ ಕೆಡುತ್ತೆ. ನಾನು ಡಾಕ್ಟ್ರಲ್ಲ, ಈ ದಾರಿ ನಡೆದು ಬಂದಿರೋಳು ಅಷ್ಟೇ.

ಮೊದಲು ಇದು ಏನು ಅಂತ ತಿಳ್ಕೊಳ್ಳಿ. ಹಿಸ್ಟಮಿನ್ ನಮ್ಮ ಮೈಯಲ್ಲೇ ಇರೋ ವಸ್ತು. ಮಾಸ್ಟ್ ಸೆಲ್ ಅನ್ನೋ ಜೀವಕೋಶಗಳಲ್ಲಿ ತುಂಬ್ಕೊಂಡಿರುತ್ತೆ, ಅಲರ್ಜಿ ಆದಾಗ ಹೊರಗೆ ಬರುತ್ತೆ, ಹೊಟ್ಟೆಲಿ ಆಸಿಡ್ ಬರೋದಕ್ಕೂ ಮೆದುಳು ಎಚ್ಚರ ಇರೋದಕ್ಕೂ ಬೇಕು. ಅದೇ ವಸ್ತು ಊಟದಲ್ಲೂ ಇರುತ್ತೆ. ಮೀನು ಮಾಂಸದಲ್ಲಿ ಹಿಸ್ಟಿಡಿನ್ ಅಂತ ಒಂದು ಅಮೈನೋ ಆಸಿಡ್ ಇದೆ, ಬ್ಯಾಕ್ಟೀರಿಯಾ ಅದನ್ನ ಹಿಸ್ಟಮಿನ್ ಮಾಡ್ತವೆ, ಹೊತ್ತು ಕಳೆದಷ್ಟೂ ಸೆಕೆ ಇದ್ದಷ್ಟೂ ಜಾಸ್ತಿ. ಊಟದಿಂದ ಬಂದ ಹಿಸ್ಟಮಿನ್‌ನ ಸಣ್ಣ ಕರುಳಲ್ಲೇ ಒಡೆಯೋಕೆ ಡಯಮಿನ್ ಆಕ್ಸಿಡೇಸ್ ಅಂತ ಒಂದು ಕಿಣ್ವ ಇದೆ, ಚಿಕ್ಕದಾಗಿ ಡಿಎಒ ಅಂತಾರೆ. ಅದು ಕಮ್ಮಿ ಇದ್ರೆ ಹಿಸ್ಟಮಿನ್ ರಕ್ತಕ್ಕೆ ಸೇರುತ್ತೆ ಅನ್ನೋದು ಈಗಿರೋ ಮುಖ್ಯ ವಿವರಣೆ. ಎಲ್ಲಾ ತಜ್ಞರೂ ಇದನ್ನ ಪೂರ್ತಿ ಒಪ್ಪಲ್ಲ, ಜರ್ಮನಿಯ ಅಲರ್ಜಿ ತಜ್ಞರ ಮಾರ್ಗಸೂಚಿಲಿ ರೋಗದ ಹೆಸರನ್ನೇ ಹುಷಾರಾಗಿ ಬಳಸ್ತಾರೆ, ಯಾಕಂದ್ರೆ ಇದೇ ಅಂತ ತೋರಿಸೋ ನಂಬಿಕೆಯ ಲ್ಯಾಬ್ ಟೆಸ್ಟ್ ಒಂದೂ ಇಲ್ಲ.

ಇನ್ನೊಂದು ಮಾತು, ಇದು ಪ್ರಮಾಣದ ವಿಷಯ. ಶೇಂಗಾ ಅಲರ್ಜಿ ಇರೋರಿಗೆ ಒಂದು ಚೂರು ಸಾಕು, ಇದು ಹಂಗಲ್ಲ. ವಿಯೆನ್ನಾದ ಸಂಶೋಧಕರು 2004ರಲ್ಲಿ 10 ಜನ ಆರೋಗ್ಯವಂತ ಹೆಂಗಸರಿಗೆ 75 ಮಿಲಿಗ್ರಾಂ ಹಿಸ್ಟಮಿನ್ ಕುಡಿಸಿ ನೋಡಿದ್ರೆ ಅವರಲ್ಲೂ 5 ಜನಕ್ಕೆ ತೊಂದ್ರೆ ಕಾಣಿಸ್ಕೊಳ್ತು. ಅಂದ್ರೆ ಎಲ್ರಿಗೂ ಒಂದು ಮಿತಿ ಇದೆ, ಕೆಲವರ ಮಿತಿ ಕೆಳಗಿರುತ್ತೆ. ನೀವು ಹುಡುಕಬೇಕಾಗಿರೋದು ನಿಮ್ಮ ಮಿತಿ ಎಲ್ಲಿದೆ ಅಂತ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ. ತುಟಿ ನಾಲಿಗೆ ಊದಿದ್ರೆ, ಗಂಟ್ಲು ಬಿಗಿದ ಹಾಗಾದ್ರೆ, ಉಸಿರು ಸಿಕ್ಕದೇ ಹೋದ್ರೆ, ತಲೆ ತಿರುಗಿ ಬಿದ್ರೆ ಮುಂದೆ ಹೇಳೋ ಊಟದ ಡೈರಿ ಬರೀತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಅದು ಅನಫಿಲ್ಯಾಕ್ಸಿಸ್, ಅಂದ್ರೆ ಪ್ರಾಣಕ್ಕೇ ಅಪಾಯ ಆಗೋ ಅಲರ್ಜಿ, ಇರಬಹುದು, ಅದಕ್ಕೆ ಬೇಕಾಗೋದು ತೊಡೆಗೆ ಕೊಡೋ ಅಡ್ರಿನಲಿನ್ ಇಂಜೆಕ್ಷನ್, ಮನೇಲಿರೋ ಸೆಟ್ರಿಜಿನ್ ಅನ್ನೋ ಅಲರ್ಜಿ ಮಾತ್ರೆ ಅದಕ್ಕೆ ಸಾಲಲ್ಲ. ಒಂದು ಸಲ ಹಂಗೆ ಆಗಿದ್ರೂ ಮುಂದೆ ಹೇಳೋ ಮನೆ ಪರೀಕ್ಷೆ ಒಂದನ್ನೂ ನೀವೇ ಮಾಡ್ಕೋಬೇಡಿ, ಮೊದಲು ಡಾಕ್ಟ್ರ ಹತ್ರ ಹೋಗಿ.

ಈಗ ಡೈರಿ. ಏನೂ ಬಿಡದೆ, ದಿನಾ ಉಣ್ಣೋದನ್ನೇ ಉಣ್ತಾ ಎರಡು ಮೂರು ವಾರ ಬರೀರಿ. ಬರೀ ಏನು ತಿಂದೆ ಅಂತ ಬರೆದ್ರೆ ಪ್ರಯೋಜನ ಇಲ್ಲ, ಅದು ಎಷ್ಟು ಹೊತ್ತಿನ ಹಿಂದೆ ಮಾಡಿದ್ದು ಅಂತ ಬರೀಬೇಕು, ನನಗೆ ದಾರಿ ಸಿಕ್ಕಿದ್ದೇ ಅಲ್ಲಿ. ಅದೇ ಕೋಳಿ ಸಾರು ರಾತ್ರಿ ಬಿಸಿಬಿಸಿ ಉಂಡ್ರೆ ಏನೂ ಆಗ್ತಿರ್ಲಿಲ್ಲ, ಮಾರನೇ ದಿನ ಮಧ್ಯಾಹ್ನ ಅದನ್ನೇ ಕುದಿಸಿ ಮುದ್ದೆ ಜೊತೆ ಉಂಡ್ರೆ ಮುಖ ಕೆಂಪಾಗ್ತಿತ್ತು. ಕುದಿಸಿದ್ರೆ ಸರಿಹೋಗುತ್ತೆ ಅಂತ ನಾವೆಲ್ಲಾ ಅಂದ್ಕೊಂಡಿರ್ತೀವಿ, ಬ್ಯಾಕ್ಟೀರಿಯಾ ಸಾಯ್ತವೆ ನಿಜ, ಆದ್ರೆ ಅವು ಮಾಡಿಟ್ಟ ಹಿಸ್ಟಮಿನ್ ಬಿಸಿಗೆ ಹಾಳಾಗಲ್ಲ. ಊಟದ ಹೊತ್ತು, ತೊಂದ್ರೆ ಶುರುವಾದ ಹೊತ್ತು, ಎಷ್ಟು ಜೋರು ಅಂತ ಹತ್ತಕ್ಕೆ ಎಷ್ಟು ನಂಬರ್, ತಗೊಂಡ ಮಾತ್ರೆ, ನಿದ್ದೆ, ಹೆಂಗಸರಾದ್ರೆ ಮುಟ್ಟಿನ ಎಷ್ಟನೇ ದಿನ, ಎಲ್ಲಾ ಬರೀರಿ. ಗಂಧೆ ಎದ್ರೆ ಫೋಟೋ ತೆಗೀರಿ, ಡಾಕ್ಟ್ರ ಮುಂದೆ ಕೂತಾಗ ಅದು ಇರಲ್ಲ.

ಡೈರಿ ನೋಡ್ತಾ ನನಗೆ ಹಳೇದೊಂದು ನೆನಪಾಯ್ತು. ಎರಡನೇ ಮಗು ಹೊಟ್ಟೆಲಿದ್ದಾಗ ಈ ತೊಂದ್ರೆ ಒಂದೂ ಇರ್ಲಿಲ್ಲ, ಬಾಣಂತನ ಮುಗಿದ ಮೇಲೆ ವಾಪಸ್ ಬಂತು. ಆಗ ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಗೊತ್ತೇ ಇರ್ಲಿಲ್ಲ. ಬಸಿರಲ್ಲಿ ಮಾಸು, ಅಂದ್ರೆ ಪ್ಲಾಸೆಂಟಾ, ತಾನೇ ಡಿಎಒನ ತುಂಬಾ ಜಾಸ್ತಿ ಮಾಡುತ್ತೆ, ರಕ್ತದಲ್ಲಿ ಅದು ನೂರಾರು ಪಟ್ಟು ಏರುತ್ತೆ, ಹಂಗಾಗಿ ಕೆಲವರಿಗೆ ಆ ಒಂಬತ್ತು ತಿಂಗಳು ಆರಾಮ ಅನ್ಸುತ್ತೆ. ಇದೊಂದ್ರಿಂದಲೇ ರೋಗ ಪತ್ತೆ ಆಗಲ್ಲ, ಆದ್ರೆ ನಿಮಗೂ ಹಂಗಾಗಿದ್ರೆ ಡಾಕ್ಟ್ರಿಗೆ ಹೇಳಲೇಬೇಕಾದ ವಿಷಯ.

ಡೈರಿ ತಗೊಂಡು ಡಾಕ್ಟ್ರ ಹತ್ರ ಹೋಗಿ, ಮೊದಲು ಒಳ್ಳೆ ಫಿಸಿಷಿಯನ್. ನಮ್ಮೂರಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಇದೆ, ಎಸ್.ಎಸ್. ಹೈಟೆಕ್ ಇದೆ, ಮೆಡಿಕಲ್ ಕಾಲೇಜಿನ ಊರು ನಮ್ದು, ಮೆಡಿಸಿನ್ ಮತ್ತೆ ಸ್ಕಿನ್ ವಿಭಾಗ ಎರಡೂ ಒಂದೇ ಆವರಣದಲ್ಲಿ ಸಿಗ್ತವೆ. ನೀವು ಕೇಳ್ಬೇಕಾಗಿರೋದು "ನನಗೆ ಹಿಸ್ಟಮಿನ್ ತೊಂದ್ರೆ ಇದೆಯಾ" ಅಂತ ಅಲ್ಲ, "ಇದೇ ತರ ಕಾಣೋ ಬೇರೆ ಕಾಯಿಲೆ ಇಲ್ಲ ಅಂತ ಹೆಂಗೆ ಖಾತ್ರಿ ಮಾಡ್ಕೊಳ್ಳೋದು ಸರ್" ಅಂತ. ಯಾಕಂದ್ರೆ ಈ ರೋಗ ಪತ್ತೆ ಆಗೋದೇ ಮಿಕ್ಕಿದ್ದೆಲ್ಲಾ ಕಳೆದ ಮೇಲೆ.

ಮಿಕ್ಕಿದ್ದು ಏನೇನು ಅಂದ್ರೆ, ನಿಜವಾದ ಆಹಾರ ಅಲರ್ಜಿ, ಇದಕ್ಕೆ ಡೈರಿಲಿ ಅನುಮಾನ ಬಂದ ಪದಾರ್ಥಗಳಿಗೆ ಮಾತ್ರ ಸ್ಕಿನ್ ಪ್ರಿಕ್ ಟೆಸ್ಟ್ ಇಲ್ಲಾ ಸ್ಪೆಸಿಫಿಕ್ ಐಜಿಇ (ಅಲರ್ಜಿ ಮಾಡೋ ಪ್ರತಿಕಾಯ) ರಕ್ತ ಪರೀಕ್ಷೆ ಮಾಡಿಸ್ತಾರೆ. ಹಾಲಿನ ಲ್ಯಾಕ್ಟೋಸ್ ಆಗದಿರೋದು. ಗೋಧಿಗೆ ಬರೋ ಸೀಲಿಯಾಕ್ ಕಾಯಿಲೆ, ಇದಕ್ಕೆ ಟಿಟಿಜಿ ಅನ್ನೋ ರಕ್ತ ಪರೀಕ್ಷೆ. ಥೈರಾಯ್ಡ್. ಜಂತು ಹುಳು ಮತ್ತೆ ಅಮೀಬಾ, ನಮ್ಮ ಕಡೆ ಇದನ್ನ ಮರೀಬಾರದು, ಮಲ ಪರೀಕ್ಷೆ ಕಮ್ಮಿ ಖರ್ಚಲ್ಲಿ ಆಗುತ್ತೆ. ಐಬಿಎಸ್, ಅಂದ್ರೆ ಕರುಳು ಸೂಕ್ಷ್ಮವಾಗಿ ಪದೇ ಪದೇ ಹೊಟ್ಟೆ ಕೆಡೋ ತೊಂದ್ರೆ. ಊಟಕ್ಕೆ ಸಂಬಂಧ ಇಲ್ಲದೇ ತಾನಾಗೇ ಏಳೋ ದೀರ್ಘಕಾಲದ ಗಂಧೆ. ಮುಖದ ಚರ್ಮ ಕೆಂಪಾಗೋ ರೊಸೇಶಿಯಾ ಅನ್ನೋ ಕಾಯಿಲೆ. ಪದೇ ಪದೇ ಮುಖ ಕೆಂಪಾಗಿ ಬಿಪಿ ಬೀಳ್ತಿದ್ರೆ ಮಾಸ್ಟೋಸೈಟೋಸಿಸ್ ಅನ್ನೋ ಅಪರೂಪದ ಕಾಯಿಲೆ ಇದೆಯಾ ಅಂತ ಟ್ರಿಪ್ಟೇಸ್ ಅನ್ನೋ ರಕ್ತ ಪರೀಕ್ಷೆ ಮಾಡಿಸ್ತಾರೆ, ಆರಾಮಾಗಿದ್ದಾಗ ಒಂದು ಸಲ, ಆಗೋದಾದ್ರೆ ತೊಂದ್ರೆ ಆಗಿ 1ರಿಂದ 4 ಗಂಟೆ ಒಳಗೆ ಇನ್ನೊಂದು ಸಲ. ಮುಖ ಕೆಂಪು, ಜೊತೆಗೆ ನೀರು ನೀರು ಭೇದಿ ಇದ್ರೆ ಕಾರ್ಸಿನಾಯ್ಡ್ ಗಡ್ಡೆ ಇದೆಯಾ ಅಂತ 24 ಗಂಟೆ ಮೂತ್ರ ಹಿಡಿದಿಡೋ ಪರೀಕ್ಷೆ ಹೇಳಬಹುದು. ಇಷ್ಟೆಲ್ಲಾ ಎಲ್ರಿಗೂ ಬೇಕಾಗಲ್ಲ, ಯಾವುದು ಬೇಕು ಅಂತ ಡೈರಿ ನೋಡಿ ಅವರು ನಿರ್ಧಾರ ಮಾಡ್ತಾರೆ.

ಕ್ರಮ ತಪ್ಪೋದು ಇಲ್ಲೇ. ಗೋಧಿ ಬಿಟ್ಟು ತಿಂಗಳುಗಟ್ಟಲೆ ಆದ್ಮೇಲೆ ಟಿಟಿಜಿ ಮಾಡಿಸಿದ್ರೆ ಕಾಯಿಲೆ ಇದ್ರೂ ಇಲ್ಲ ಅಂತ ಬರಬಹುದು. ನಾನು ಹಂಗೆ ಮಾಡ್ಕೊಂಡು ಮತ್ತೆ ಆರು ವಾರ ದಿನಾ ಚಪಾತಿ ತಿಂದು ಎರಡನೇ ಸಲ ರಕ್ತ ಕೊಡಬೇಕಾಯ್ತು. ಹಂಗೇ ಸೆಟ್ರಿಜಿನ್ ತರದ ಮಾತ್ರೆ ತಗೊಳ್ತಾ ಸ್ಕಿನ್ ಟೆಸ್ಟಿಗೆ ಹೋದ್ರೆ ಅಲರ್ಜಿ ಇದ್ರೂ ಚರ್ಮ ಏಳಲ್ಲ, ಸುಮಾರು ಒಂದು ವಾರ ಮುಂಚೆ ನಿಲ್ಲಿಸೋಕೆ ಹೇಳ್ತಾರೆ, ನೀವೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ದುಡ್ಡು ಎಲ್ಲಿ ಹಾಳಾಗುತ್ತೆ ಅಂತಾನೂ ಹೇಳ್ತೀನಿ. ನೂರಾರು ಆಹಾರಕ್ಕೆ ಐಜಿಜಿ (ಇನ್ನೊಂದು ತರದ ಪ್ರತಿಕಾಯ) ಅಂತ ಒಂದು ಪ್ಯಾಕೇಜ್ ಟೆಸ್ಟ್ ಇದೆ, ಕೆಂಪು ಹಸಿರು ಬಣ್ಣದಲ್ಲಿ ಚಂದದ ರಿಪೋರ್ಟ್ ಕೊಡ್ತಾರೆ. ಐಜಿಜಿ ಇದ್ರೆ ನೀವು ಆ ಪದಾರ್ಥ ತಿಂದಿದ್ದೀರಿ ಅಂತ ಅರ್ಥವೇ ಹೊರತು ಅದು ನಿಮಗೆ ಆಗಲ್ಲ ಅಂತ ಅಲ್ಲ, ಅಲರ್ಜಿ ತಜ್ಞರ ಸಂಘಗಳು ಇದನ್ನ ಮಾಡಿಸಬೇಡಿ ಅಂತಾನೇ ಹೇಳ್ತವೆ. ನನ್ನ ಕೈಲಿ ಮಾಡಿಸಿದ್ರು. ಆ ರಿಪೋರ್ಟ್ ನಂಬಿ ಹಾಲು ಮೊಟ್ಟೆ ಅಕ್ಕಿ ಬಿಟ್ಟು ಮನೇಲಿ ಎಲ್ಲರ ಜೊತೆ ಕೂತು ಉಣ್ಣೋದನ್ನೇ ಬಿಟ್ಟಿದ್ದೆ, ಅದನ್ನ ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗುತ್ತೆ. ಮಲದಲ್ಲಿ ಹಿಸ್ಟಮಿನ್ ನೋಡೋ ಟೆಸ್ಟೂ ಬೇಡ, ಕರುಳಿನ ಬ್ಯಾಕ್ಟೀರಿಯಾಗಳೇ ಅದನ್ನ ಮಾಡ್ತಿರ್ತವೆ. ರಕ್ತದ ಡಿಎಒ ಟೆಸ್ಟ್ ಒಂದನ್ನೇ ನಂಬಿ ಇದೆ ಅಂತಾಗ್ಲಿ ಇಲ್ಲ ಅಂತಾಗ್ಲಿ ಹೇಳೋಕಾಗಲ್ಲ, ಏನೂ ತೊಂದ್ರೆ ಇಲ್ಲದವರಲ್ಲೂ ಕಮ್ಮಿ ಬರುತ್ತೆ.

ಡಾಕ್ಟ್ರಿಗೆ ನೀವು ತಗೊಳ್ಳೋ ಮಾತ್ರೆಗಳನ್ನೆಲ್ಲಾ ತೋರಿಸಿ. ಬಿಪಿಗೆ ಕೊಡೋ ವೆರಾಪಮಿಲ್, ಕ್ಲಾವುಲಾನಿಕ್ ಆಸಿಡ್ ಸೇರಿರೋ ಆಂಟಿಬಯಾಟಿಕ್, ಟಿಬಿಗೆ ಕೊಡೋ ಐಸೋನಿಯಾಜಿಡ್ ಇವು ಡಿಎಒ ಕೆಲಸ ತಡೀಬಹುದು ಅಂತ ಲ್ಯಾಬ್ ಅಧ್ಯಯನಗಳಲ್ಲಿ ಕಂಡಿದೆ. ಡೈಕ್ಲೋಫಿನಾಕ್ ತರದ ನೋವಿನ ಮಾತ್ರೆ ಕೆಲವರಿಗೆ ಅದೊಂದೇ ಗಂಧೆ ಏಳಿಸುತ್ತೆ. ಹಂಗಂತ ಯಾವ ಮಾತ್ರೆನೂ ನೀವಾಗೇ ಬಿಡಬೇಡಿ, ಅದರಲ್ಲೂ ಟಿಬಿ ಮಾತ್ರೆ, ಬಿಪಿ ಮಾತ್ರೆ. ಸಾರಾಯಿ ಬೀರು ವೈನು ಮಾತ್ರ ಬಿಡಿ, ಅವು ಎರಡು ಕಡೆಯಿಂದಲೂ ಹೊಡೀತವೆ, ಬೀರು ವೈನಲ್ಲಿ ಹಿಸ್ಟಮಿನ್ ಇರುತ್ತೆ, ಆಲ್ಕೋಹಾಲ್ ಡಿಎಒ ಕೆಲಸಕ್ಕೂ ಅಡ್ಡಿ ಮಾಡುತ್ತೆ.

ಇಷ್ಟಾಗಿ ಬೇರೇನೂ ಸಿಗಲಿಲ್ಲ ಅಂದ್ರೆ ಆಗ ಊಟದ ಪರೀಕ್ಷೆ. 10ರಿಂದ 14 ದಿನ ಹಿಸ್ಟಮಿನ್ ಕಮ್ಮಿ ಇರೋ ಊಟ, ಅಷ್ಟೇ ದಿನ, ಮೂರು ತಿಂಗಳಲ್ಲ. ಆಹಾರ ತಜ್ಞರು ಸಿಕ್ಕಿದ್ರೆ ಅವರ ಜೊತೆ ಮಾಡಿ. ಮಕ್ಕಳಿಗೆ, ಬಸುರಿಯರಿಗೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳೋರಿಗೆ ಇದನ್ನ ಮನೇಲೇ ಮಾಡಬೇಡಿ.

ಹೊರಗಿನ ಪಟ್ಟಿಗಳಲ್ಲಿ ಹಳೇ ಚೀಸು, ವೈನು, ಒಣಗಿಸಿದ ಹಂದಿ ಮಾಂಸ ಅಂತೆಲ್ಲಾ ಇರುತ್ತೆ, ನಮ್ಮ ಅಡುಗೆ ಮನೆಗೆ ಅದರಿಂದ ಏನೂ ಗೊತ್ತಾಗಲ್ಲ. ನಮ್ಮ ಕಡೆಗೆ ತಿರುಗಿಸಿ ಹೇಳೋದಾದ್ರೆ ಆ ಎರಡು ವಾರ ಬಿಡಬೇಕಾಗಿರೋದು ಇವು: ಸಮುದ್ರದ ಮೀನು, ಅದರಲ್ಲೂ ಬಂಗಡೆ ಮತ್ತೆ ಭೂತಾಯಿ, ಒಣ ಮೀನು, ತಂಗಳು ಮಾಂಸದ ಸಾರು, ಪಾಲಕ್, ಬದನೆಕಾಯಿ, ಟೊಮೇಟೊ ಮತ್ತೆ ಸಾಸು, ಹಳೇ ಉಪ್ಪಿನಕಾಯಿ, ಹುಳಿ ಬಂದ ಮೊಸರು, ಮೂರು ನಾಲ್ಕು ದಿನದ ದೋಸೆ ಹಿಟ್ಟು, ಮತ್ತೆ ಗೋಬಿ ಮಂಚೂರಿ. ಗೋಬಿ ಅಂದ್ರೆ ಹೂಕೋಸಿನ ತಪ್ಪಲ್ಲ, ಸೋಯಾ ಸಾಸು ವಿನೆಗರ್ ಟೊಮೇಟೊ ಸಾಸು ಮೂರೂ ಒಂದೇ ಬಾಣಲೆಲಿ ಬೀಳ್ತವಲ್ಲ ಅದಕ್ಕೆ.

ಬದನೆಕಾಯಿ ಬಗ್ಗೆ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಎಣ್ಣೆಗಾಯಿ ರೊಟ್ಟಿ ನಮ್ಮ ಕಡೆ ಬಿಡೋ ಊಟನೇ ಅಲ್ಲ, ಹಂಗೇ ಬದನೆಕಾಯಿ ತಿಂದ್ರೆ ನಂಜು ತುರಿಕೆ ಅಂತ ಹಿರಿಯರು ಹೇಳ್ತಾನೂ ಬಂದಿದ್ದಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನೋರು ಇದನ್ನೇ ಹಿಡ್ಕೊಂಡು ಅಧ್ಯಯನ ಮಾಡಿದ್ದಾರೆ, ಬದನೆಕಾಯಿ ಆಗಲ್ಲ ಅನ್ನೋರು ಬೇಕಾದಷ್ಟು ಜನ ಸಿಕ್ಕಿದ್ರು, ಅವರಲ್ಲಿ ನಿಜವಾದ ಐಜಿಇ ಅಲರ್ಜಿ ಇದ್ದೋರು ಸ್ವಲ್ಪ ಜನ ಮಾತ್ರ, ಕಾಯಿಯಲ್ಲೇ ಇರೋ ಹಿಸ್ಟಮಿನ್ನೂ ಒಂದು ಕಾರಣ ಇರಬಹುದು. ಅಜ್ಜಿ ಹೇಳಿದ್ದು ಸುಳ್ಳಲ್ಲ, ಎಲ್ರಿಗೂ ಅನ್ವಯಿಸೋ ಮಾತೂ ಅಲ್ಲ.

ಉಣ್ಣೋಕೆ ಬೇಕಾದಷ್ಟು ಉಳಿಯುತ್ತೆ. ಬಿಸಿ ಅನ್ನ, ಜೋಳದ ರೊಟ್ಟಿ, ಮುದ್ದೆ, ಚಪಾತಿ, ಆಗಲೇ ಮಾಡಿದ ಬೇಳೆ ತೊವ್ವೆ, ಹೀರೇಕಾಯಿ ಸೋರೆಕಾಯಿ ಬೀನ್ಸ್ ಕ್ಯಾರೆಟ್ ಆಲೂಗಡ್ಡೆ ಪಲ್ಯ, ಹಾಲು, ಬೆಣ್ಣೆ, ತುಪ್ಪ, ಅವತ್ತೇ ಕುಯ್ಸಿ ಅವತ್ತೇ ಮಾಡಿದ ಕೋಳಿ, ಮೊಟ್ಟೆ, ಉಪ್ಪಿಟ್ಟು, ಸೇಬು. ಮಂಡಕ್ಕಿ ಧಾರಾಳವಾಗಿ ತಿನ್ನಿ, ಒಗ್ಗರಣೆಗೆ ಟೊಮೇಟೊ ಹಾಕಿಸ್ಬೇಡಿ ಅಷ್ಟೇ. ಮೊಟ್ಟೆಯ ಬಿಳಿ, ನಿಂಬೆಹಣ್ಣು, ಚಾಕೊಲೇಟು ಮೈಯಲ್ಲಿರೋ ಹಿಸ್ಟಮಿನ್ ಬಿಡಿಸ್ತವೆ ಅಂತ ಪಟ್ಟಿಗಳಲ್ಲಿ ಬರೆದಿರ್ತಾರೆ, ಅದಕ್ಕೆ ಆಧಾರ ತುಂಬಾ ತೆಳು, ಡೈರಿಲಿ ಅವುಗಳ ಮೇಲೆ ಅನುಮಾನ ಬರದಿದ್ರೆ ಬಿಡೋದೇ ಬೇಡ. ಚಹಾ ಹಂಗೇ, ನಾನು ಬಿಡಲಿಲ್ಲ.

ಎರಡು ವಾರ ಆದ್ಮೇಲೆ ಡೈರಿಯ ನಂಬರ್ ನೋಡಿ. ಏನೂ ಬದಲಾಗಿಲ್ಲ ಅಂದ್ರೆ ನಿಮ್ಮದು ಹಿಸ್ಟಮಿನ್ ಕಥೆ ಅಲ್ಲ, ನಿಲ್ಲಿಸಿ ಮೊದಲಿನ ತರ ಉಣ್ಣಿ, ವಾಪಸ್ ಡಾಕ್ಟ್ರ ಹತ್ರ ಹೋಗಿ. ಇನ್ನೂ ಕಟ್ಟುನಿಟ್ಟು ಮಾಡಿದ್ರೆ ಸರಿಹೋಗುತ್ತೇನೋ ಅಂತ ಎಳೀಬೇಡಿ, ನಾನು ಆರು ಕೆಜಿ ಕಳ್ಕೊಂಡಿದ್ದು ಆ ಆಸೆಗೇ.

ಕಮ್ಮಿ ಆಗಿದ್ರೆ ಅರ್ಧ ಕೆಲಸ ಆಯ್ತು ಅಷ್ಟೇ. ಬಿಟ್ಟಾಗ ಕಮ್ಮಿ ಆಗೋದಕ್ಕೆ ಬೇರೆ ಕಾರಣನೂ ಇರುತ್ತೆ, ಹೊರಗಿನ ಊಟ ನಿಂತಿರುತ್ತೆ, ಮನಸಿಗೂ ಧೈರ್ಯ ಬಂದಿರುತ್ತೆ. ಹಂಗಾಗಿ ಬಿಟ್ಟಿದ್ದನ್ನ ಒಂದೊಂದಾಗಿ ವಾಪಸ್ ತಂದು ನೋಡ್ಬೇಕು, ಇದಕ್ಕೆ ಆರು ವಾರದವರೆಗೂ ಹಿಡಿಯಬಹುದು. ಒಂದು ಪದಾರ್ಥಕ್ಕೆ ಮೂರು ದಿನ ಕೊಡಿ. ಮೊದಲ ದಿನ ಅರ್ಧ ಟೊಮೇಟೊ, ಮಾರನೇ ದಿನ ಬಿಡುವು, ಮೂರನೇ ದಿನ ಎರಡು ಟೊಮೇಟೊ. ಆಗಲಿಲ್ಲ ಅಂದ್ರೆ ಬರೆದಿಟ್ಟು, ಪೂರ್ತಿ ಆರಾಮ ಆದ್ಮೇಲೆ ಮುಂದಿನದ್ದು.

ನಮ್ಮತ್ತೆ ಇಲ್ಲಿ ನನಗೆ ದೊಡ್ಡ ಸಹಾಯ ಮಾಡಿದ್ರು. ನಾನು ಟೊಮೇಟೊ ಅಂದ್ರೇ ಹೆದರ್ತಿದ್ದೆ, ಕೆಂಪು ಸಾರು ನೋಡಿದ್ರೆ ತಿನ್ನೋದಕ್ಕಿಂತ ಮುಂಚೆನೇ ಎದೆ ಹೊಡ್ಕೊಳ್ತಿತ್ತು. "ನೀನು ಅಡುಗೆ ಮನೆಗೆ ಬರಬೇಡ, ನಾನು ಮಾಡಿ ಹಾಕ್ತೀನಿ" ಅಂದ್ರು. ಒಂದು ದಿನ ಹುಣಸೆ ಹುಳಿಗೆ ಬೀಟ್‌ರೂಟ್ ಹಾಕಿದ ಸಾರು, ಒಂದು ದಿನ ಟೊಮೇಟೊ ಬೆರೆಸಿದ ಸಾರು, ಎರಡಕ್ಕೂ ಖಾರ ಬೆಳ್ಳುಳ್ಳಿ ಜೋರು, ಯಾವ ದಿನ ಯಾವುದು ಅಂತ ಅವರ ಹತ್ರ ಚೀಟಿಲಿ ಇರ್ತಿತ್ತು. ನಾಲ್ಕು ಸಲ ಮಾಡಿದ್ವಿ. ಚೀಟಿ ತೆಗೆದು ನೋಡಿದ್ರೆ ನನಗೆ ಒಂದು ಟೊಮೇಟೊ ಏನೂ ಮಾಡ್ತಿರ್ಲಿಲ್ಲ, ಮುಖ ಬಿಸಿಯಾಗಿದ್ದು ಬೀಟ್‌ರೂಟ್ ಸಾರು ಉಂಡ ದಿನ, ಟೊಮೇಟೊ ಅಂದ್ಕೊಂಡ ಹೆದರಿಕೆಗೆ. ದೊಡ್ಡ ಆಸ್ಪತ್ರೆಗಳಲ್ಲಿ ಡಾಕ್ಟ್ರಿಗೂ ರೋಗಿಗೂ ಗೊತ್ತಾಗದ ಹಾಗೆ ಕೊಟ್ಟು ನೋಡೋ ಪರೀಕ್ಷೆಯ ತತ್ವವೇ ಇದು. ಗಂಭೀರ ಅಲರ್ಜಿ ಇಲ್ಲ ಅಂತ ಖಾತ್ರಿ ಆದೋರು ಮಾತ್ರ ಮನೇಲಿ ಹಿಂಗೆ ಮಾಡಿ.

ಕೊನೆಗೆ ನನ್ನ ಲೆಕ್ಕ ಹಿಂಗೆ ಬಂತು. ಬಂಗಡೆ ಆಗಲ್ಲ. ತಂಗಳು ಕೋಳಿ ಸಾರು ಆಗಲ್ಲ. ಗೋಬಿ ಮಂಚೂರಿ ಆಗಲ್ಲ. ಪಾಲಕ್ ಸ್ವಲ್ಪ ಆಗುತ್ತೆ. ಎಳೇ ಬದನೆಕಾಯಿ ಎರಡು ಆಗುತ್ತೆ. ಟೊಮೇಟೊ ಒಂದೆರಡು ಆಗುತ್ತೆ. ಬೆಣ್ಣೆ ದೋಸೆ ಆಗುತ್ತೆ! ಹುದುಗಿದ್ದು ಅಂತ ಹೆದರಿ ಎರಡು ವರ್ಷ ಬಿಟ್ಟಿದ್ದೆ, ಆದ್ರೆ ನಮ್ಮೂರ ಹೋಟೆಲಲ್ಲಿ ಹಿಟ್ಟು ದಿನಾ ಖಾಲಿ ಆಗುತ್ತೆ, ಜೊತೆಗೆ ಕೊಡೋದು ಬಿಳಿ ಕಾಯಿ ಚಟ್ನಿ ಮತ್ತೆ ಆಲೂಗಡ್ಡೆ ಪಲ್ಯ, ಎರಡರಲ್ಲೂ ಟೊಮೇಟೊ ಇಲ್ಲ. ನಿಮ್ಮ ಪಟ್ಟಿ ಬೇರೆ ಬರುತ್ತೆ, ನನ್ನದನ್ನ ತಗೊಂಡು ಹೋಗಬೇಡಿ. ಮುಟ್ಟಿಗೆ ಎರಡು ದಿನ ಮುಂಚೆ ನನ್ನ ಮಿತಿ ಇಳಿಯುತ್ತೆ, ಆ ದಿನ ಬದನೆಕಾಯಿ ಪಾಲಕ್ ಒಟ್ಟಿಗೆ ಇಟ್ಕೊಳ್ಳಲ್ಲ.

ಇನ್ನು ದಿನದ ಬದುಕು. ಮಾಂಸದ ಸಾರು ಉಳಿದ್ರೆ ಒಲೆ ಮೇಲೇ ಬಿಟ್ಟು ಮಲಗಬೇಡಿ, ಅಗಲ ಪಾತ್ರೆಗೆ ಹಾಕಿ ಬೇಗ ಆರಿಸಿ ಡಬ್ಬಿಲಿ ಫ್ರೀಜರಿಗೆ ಇಡಿ, ಮೇಲಿನ ಐಸ್ ಡಬ್ಬಕ್ಕೇ, ಕೆಳಗಲ್ಲ. ಹೆಪ್ಪುಗಟ್ಟಿದ್ರೆ ಹಿಸ್ಟಮಿನ್ ಹೊಸದಾಗಿ ಹುಟ್ಟೋದು ನಿಲ್ಲುತ್ತೆ, ಆಗಲೇ ಹುಟ್ಟಿದ್ದು ಹೋಗಲ್ಲ, ಹಂಗಾಗಿ ಬೇಗ ಇಡೋದೇ ಮುಖ್ಯ. ಏಪ್ರಿಲ್ ಮೇ ಸೆಕೆಲಿ ಕರೆಂಟ್ ಹೋಗಿ ಬಂದ ಫ್ರಿಡ್ಜಿನ ಮಾಂಸ ನಾನು ಮುಟ್ಟಲ್ಲ. ಬೇಳೆ ಸಾರು, ತರಕಾರಿ ಪಲ್ಯ ಮೀನು ಮಾಂಸದಷ್ಟು ಕೆಡಿಸಲ್ಲ, ಎಲ್ಲಾ ತಂಗಳನ್ನೂ ಹೆದರಿ ಚೆಲ್ಲಬೇಡಿ. ಮದುವೆ ಮನೇಲಿ ಮೊದಲ ಪಂಕ್ತಿಲಿ ಕೂರಿ.

ಡಿಎಒ ಮಾತ್ರೆ ಆನ್‌ಲೈನಲ್ಲಿ ಸಿಗುತ್ತೆ, ತುಂಬಾ ದುಬಾರಿ, ಅಧ್ಯಯನಗಳು ಇನ್ನೂ ಚಿಕ್ಕವು. ಒಂದು ವಿಷಯ ಗೊತ್ತಿರಲಿ, ಅವುಗಳಲ್ಲಿ ಬಹಳಷ್ಟು ಹಂದಿಯ ಮೂತ್ರಪಿಂಡದಿಂದ ಮಾಡಿದ್ದು, ಸಸ್ಯಾಹಾರಿಗಳೂ ಮುಸ್ಲಿಮರೂ ಲೇಬಲ್ ಓದಿ ತಗೊಳ್ಳಿ, ಬಟಾಣಿ ಮೊಳಕೆಯಿಂದ ಮಾಡಿದ್ದೂ ಇದೆ. ನಾನು ತಗೊಳ್ಳಲ್ಲ. ದೂರದ ಪ್ರಯಾಣ ಇದ್ರೆ ಡಾಕ್ಟ್ರು ಬರೆದ ಆಂಟಿಹಿಸ್ಟಮಿನ್ (ಸೆಟ್ರಿಜಿನ್ ತರದ ಅಲರ್ಜಿ ಮಾತ್ರೆ) ಒಂದು ಇಟ್ಕೊಂಡಿರ್ತೀನಿ.

ಮೀನು ತಿನ್ನೋರಿಗೆ ಒಂದು ಮಾತು. ಬಂಗಡೆ ಕರಾವಳಿಯಿಂದ ಐಸ್‌ನಲ್ಲಿ ಘಾಟಿ ಹತ್ತಿ ನಮ್ಮ ಮಾರ್ಕೆಟಿಗೆ ಬರೋ ಹೊತ್ತಿಗೆ ಎಷ್ಟು ಗಂಟೆ ಆಗಿದೆ, ದಾರಿಲಿ ಐಸ್ ಕರಗಿತ್ತಾ ಅಂತ ಯಾರಿಗೂ ಗೊತ್ತಿರಲ್ಲ, ವಾಸನೆ ಬರದೇ ಇದ್ರೂ ಹಿಸ್ಟಮಿನ್ ಏರಿರಬಹುದು. ಕೆಟ್ಟ ಬಂಗಡೆ ತಿಂದು ಮನೆಮಂದಿಗೆಲ್ಲಾ ಒಟ್ಟಿಗೆ ಮುಖ ಕೆಂಪಾಗಿ ತಲೆನೋವು ಬಂತು ಅಂದ್ರೆ ಅದು ಹಿಸ್ಟಮಿನ್ ವಿಷ, ಯಾರಿಗೂ ಹೊಸದಾಗಿ ಅಲರ್ಜಿ ಬಂದಿರಲ್ಲ. ನಮ್ಮನೆಯವ್ರು ಈಗ ಸೂಳೆಕೆರೆ ಕಡೆ ಹೋದಾಗ ಬೆಳಗ್ಗೆ ಬಲೆಯಿಂದ ತೆಗೆದ ಕೆರೆ ಮೀನು ತರ್ತಾರೆ, ಬಂದ ತಕ್ಷಣ ಕ್ಲೀನ್ ಮಾಡಿ ಮಧ್ಯಾಹ್ನವೇ ಸಾರು, ಅದು ನನಗೆ ಆಗುತ್ತೆ. ಉಳಿದ್ರೆ ಅವರೇ ರಾತ್ರಿ ಉಣ್ತಾರೆ, ನನಗೆ ಮೊಟ್ಟೆ ಪಲ್ಯ.